ಲೋಳೆಸರದ ಮರಿಗಳನ್ನು ಕಿತ್ತು ನೆಟ್ಟರೆ ಕೊಳೆತುಹೋಗುತ್ತಿವೆ, ಏನು ತಪ್ಪಾಯ್ತು?

ಜೂನ್‌ನಲ್ಲಿ ಏಳು ಮರಿ ಕಿತ್ತೆ, ಅವತ್ತೇ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಮಣ್ಣಿಗೆ ನೆಟ್ಟು ದಿನಾ ನೀರು ಹಾಕಿದೆ, ಎರಡೇ ವಾರದಲ್ಲಿ ಐದು ಕೊಳೆತವು ಅಂತ ಬರೆದಿದ್ದೀರಿ. 'ಅವತ್ತೇ', 'ದಿನಾ' – ಈ ಎರಡು ಪದಗಳಲ್ಲೇ ಉತ್ತರ ಇದೆ. ಬೇಜಾರು ಮಾಡ್ಕೋಬೇಡಿ, ಮೊದಲ ವರ್ಷ ನಾನೂ ಒಂದು ಟ್ರೇ ಮರಿಗಳನ್ನ ಹೀಗೇ ಗೊಬ್ಬರ ಮಾಡಿದವನು.

ನನಗೆ ಬುದ್ಧಿ ಬಂದಿದ್ದು ನಮ್ಮ ಮನೆ ಬಾಗಿಲಿಂದ. ದೃಷ್ಟಿಯಾಗಬಾರದು ಅಂತ ಅಮ್ಮ ಒಂದು ಲೋಳೆಸರವನ್ನ ತಲೆಕೆಳಗಾಗಿ ಕಟ್ಟಿದ್ದರು. ಮಣ್ಣಿಲ್ಲ, ನೀರಿಲ್ಲ. ಐದಾರು ತಿಂಗಳಾದರೂ ಸೊರಗಿತ್ತೇ ಹೊರತು ಸತ್ತಿರಲಿಲ್ಲ. ಎಲೆಯ ತುದಿಗಳು ಮೇಲಕ್ಕೆ ಬಾಗಿಕೊಂಡಿದ್ದವು. ಬಣ್ಣ ಹೊಡೆಸುವಾಗ ಇಳಿಸಿದ್ದನ್ನ ಕುಂಡಕ್ಕಿಟ್ಟೆ, ಚಿಗುರಿತು. ಅದರ ಮರಿಗಳು ಈಗ ನಮ್ಮ ಬೀದಿಯ ಅರ್ಧ ಮನೆಗಳಲ್ಲಿವೆ. ಈ ಗಿಡ ನೀರನ್ನ ಎಲೆಯಲ್ಲೇ ಕೂಡಿಟ್ಟುಕೊಂಡಿರುತ್ತೆ. ಎಲೆಯ ರಂಧ್ರಗಳನ್ನೂ ಬಿಸಿಲಲ್ಲಿ ಮುಚ್ಚಿಕೊಂಡು ರಾತ್ರಿ ತೆರೆಯುತ್ತೆ, ಹಾಗಾಗಿ ಇದ್ದ ನೀರು ಬೇಗ ಆರಲ್ಲ. ಬೇರಿಲ್ಲದ ಮರಿ ವಾರಗಟ್ಟಲೆ ಕಾಯಬಲ್ಲದು. ಹಸಿ ಗಾಯದ ಮೇಲೆ ತೇವ ನಿಂತರೆ ಮಾತ್ರ ಉಳಿಯಲ್ಲ.

ಮರಿ ನಿಮ್ಮ ಬೆರಳುದ್ದ ಆಗಿ, ನಾಲ್ಕೈದು ಎಲೆ ಬರೋವರೆಗೆ ತಾಯಿ ಜೊತೆ ಬಿಡಿ. ಬೇರ್ಪಡಿಸುವ ವಾರ ಮುಂಚೆಯೇ ನೀರು ನಿಲ್ಲಿಸಿ, ಒಣಮಣ್ಣು ಸಲೀಸಾಗಿ ಉದುರುತ್ತೆ. ಕುಂಡವನ್ನೇ ಬೋರಲು ಹಾಕಿ ಇಡೀ ಗಿಡ ಹೊರಗೆ ತೆಗೀರಿ. ಮೇಲಿಂದ ಹಿಡಿದು ಎಳೆದರೆ ಮರಿ ಕತ್ತಿನ ಹತ್ತಿರ ಮುರಿದು ಕೈಗೆ ಬರುತ್ತೆ. ಮಣ್ಣು ಕೆದಕಿದರೆ ತಾಯಿಗೂ ಮರಿಗೂ ನಡುವೆ ದಪ್ಪನೆಯ ಬಿಳಿ ಕೊಂಡಿ ಕಾಣುತ್ತೆ, ಬಾಳೆಗಡ್ಡೆಯಿಂದ ಕಂದು ಹೊರಟ ಹಾಗೆ. ಮರಿಯ ಸ್ವಂತ ಬೇರುಗಳನ್ನ ಅದರ ಕಡೆಗೇ ಬಿಟ್ಟು, ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಕೊಂಡಿ ಕತ್ತರಿಸಿ.

ಆಮೇಲೆ ಪೇಪರ್ ಮೇಲೆ ಹರಡಿ, ನೆರಳಲ್ಲಿಟ್ಟು ಮರೆತುಬಿಡಿ. ಮೂರು ದಿನ, ಮಳೆಗಾಲ ಆದರೆ ಒಂದು ವಾರ. ಕೊಯ್ದ ಜಾಗ ಮುಟ್ಟಿದರೆ ಒಣ ತೊಗಲಿನ ಹಾಗೆ ಗಟ್ಟಿಯಾಗಿರಬೇಕು, ಬೆರಳಿಗೆ ಅಂಟಬಾರದು. ಅರಿಶಿನ, ಚಕ್ಕೆಪುಡಿ ಹಚ್ಚಿ ಅಂತ ಹೇಳೋರು ಬಹಳ ಜನ. ಹಚ್ಚಿಯೂ ನೋಡಿದ್ದೇನೆ, ಹಚ್ಚದೆಯೂ ನೋಡಿದ್ದೇನೆ, ನನಗೇನೂ ವ್ಯತ್ಯಾಸ ಕಾಣಲಿಲ್ಲ. ಅರಿಶಿನ ಸಾರಿಗಿರಲಿ.

ಮಣ್ಣಿಗೆ ಬರೀ ಕೊಕೊಪೀಟ್ ಬೇಡ, ಅದು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತೆ. ನಾನು ಅರ್ಧ ಕೆಮ್ಮಣ್ಣು, ಅರ್ಧ ಮರಳು ಮತ್ತು ಇಟ್ಟಿಗೆ ಚೂರು ಹಾಕ್ತೀನಿ. ಮನೆ ಕಟ್ಟುವ ಕಡೆಯಿಂದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ತಂದರೆ ಜರಡಿ ಹಿಡಿದು ತೊಳೀರಿ. ಅದರ ನುಣ್ಣನೆಯ ಪುಡಿ ಒಣಗಿದ ಮೇಲೆ ಗಾರೆ ಹಾಕಿದ ಹಾಗೆ ಕೂತುಬಿಡುತ್ತೆ. ಕುಂಡ ಚಿಕ್ಕದಿರಲಿ, ನಾಲ್ಕು ಇಂಚು ಸಾಕು, ತಳದಲ್ಲಿ ತೂತು ಇರಲೇಬೇಕು.

ನೆಟ್ಟು ಐದಾರು ದಿನ ನೀರು ಕೊಡಬೇಡಿ. ಆಮೇಲೆ ಒಂದು ಸಲ ತಳದಿಂದ ಹರಿದುಹೋಗುವಷ್ಟು ಕೊಡಿ. ಮುಂದಿನ ಸಲ ಉರಿದು ಮುಗಿದ ಊದುಬತ್ತಿ ಕಡ್ಡಿ ಚುಚ್ಚಿ ನೋಡಿ: ಮಣ್ಣು ಮೆತ್ತಿಕೊಂಡು ಬಂದರೆ ನೀರು ಬೇಡ. ಎಲೆ ಕೆಂಪು ತಿರುಗಿದರೆ ಹೆದರಬೇಡಿ, ಬಿಸಿಲು ಜಾಸ್ತಿಯಾಗಿದೆ ಅಷ್ಟೆ. ಬೆಳಗಿನ ಎಳೆಬಿಸಿಲು ಸಾಕು.

ಕಾಡುಬಸಳೆ ಎಲೆಯಿಂದ ಬರುತ್ತಲ್ಲ, ಇದರ ಎಲೆಯನ್ನೂ ನೆಡಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಕಾಡುಬಸಳೆಯ ಎಲೆಯಂಚಿನಲ್ಲೇ ಮರಿ ಏಳುತ್ತವೆ. ಲೋಳೆಸರದ ಎಲೆ ನೆಟ್ಟರೆ ಕೊಳೆಯುತ್ತೆ, ಮರಿಯೇ ಆಗಬೇಕು. ಕತ್ತಾಳೆಯದೂ ಇದೇ ಕ್ರಮ, ಆದರೆ ದಪ್ಪ ಗ್ಲೌಸ್ ಹಾಕಿಕೊಳ್ಳಿ. ಅದರ ಮುಳ್ಳು ಹೊಕ್ಕಿದ್ದನ್ನ ನನ್ನ ಹೆಬ್ಬೆರಳು ಇನ್ನೂ ಮರೆತಿಲ್ಲ.

ಉಳಿದ ಎರಡು ಮರಿಗಳನ್ನ ಇವತ್ತೇ ಕಿತ್ತು ಬುಡ ಅದುಮಿ ನೋಡಿ. ಮೆತ್ತಗಿದ್ದರೆ ಒಳಗೆ ಕಂದು ಬಣ್ಣ ಹೋಗಿ ಬೆಳ್ಳಗೆ ಕಾಣೋವರೆಗೆ ಕೊಯ್ಯುತ್ತಾ ಹೋಗಿ, ಪ್ರತಿ ಸಲ ಬ್ಲೇಡ್ ಒರೆಸಿ. ಬೇರೆಲ್ಲ ಹೋದರೂ ಪರವಾಗಿಲ್ಲ. ಹತ್ತು ದಿನ ಒಣಗಿಸಿ, ಒಣಮಣ್ಣಿನ ಮೇಲೆ ಸುಮ್ಮನೆ ಕೂರಿಸಿಡಿ. ತಿಂಗಳಾದ ಮೇಲೆ ಮೆಲ್ಲಗೆ ಎಳೆದು ನೋಡಿ, ಅಲುಗದಿದ್ದರೆ ಬೇರು ಬಿಟ್ಟಿದೆ.