ಮೂರು ವರ್ಷದ ಮಗು ಮೈಕೈಗೆಲ್ಲಾ ಬಣ್ಣ ಮೆತ್ತಿಕೊಂಡು ಆಡುವುದರಿಂದ ಏನಾದ್ರೂ ಉಪಯೋಗ ಇದೆಯಾ?

ಗಂಗಾವತಿಯಿಂದ ಕೇಳಿದ್ದೀರಿ. ಮಗನಿಗೆ ಮೂರು ವರ್ಷ, ಬಣ್ಣ ಕೊಟ್ಟರೆ ಕಾಗದಕ್ಕಿಂತ ಮೈಗೇ ಜಾಸ್ತಿ ಬಳಿದುಕೊಳ್ಳುತ್ತಾನೆ. ಪಕ್ಕದ ಮನೆ ಹುಡುಗಿ ಗೆರೆ ದಾಟದ ಹಾಗೆ ಬಣ್ಣ ತುಂಬುತ್ತಾಳೆ. ಇವನಿಗೆ ಈ ರಾಡಿ ಆಟ ಬಿಡಿಸಿ ಅಕ್ಷರ ತಿದ್ದಿಸಬೇಕಾ ಅನ್ನೋದು ನಿಮ್ಮ ಚಿಂತೆ.

ಬಿಡಿಸಬೇಡಿ. ನಾನು ಕೊಪ್ಪಳದ ಒಂದು ಸಣ್ಣ ಶಿಶುವಿಹಾರದಲ್ಲಿ ಟೀಚರ್. ಈ ಪ್ರಶ್ನೆಯನ್ನು ಪ್ರತಿ ಜೂನ್‌ನಲ್ಲಿ ಯಾರಾದರೂ ಒಬ್ಬರು ಗೇಟಿನ ಹತ್ತಿರವೇ ಕೇಳುತ್ತಾರೆ.

ಮೊದಲು ಅಕ್ಷರದ ಮಾತು ಮುಗಿಸೋಣ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಮೂರು ವರ್ಷದ ಮಗುವಿಗೆ ಅದರಲ್ಲಿ ಎರಡೋ ಮೂರೋ ಮಾತ್ರ ಗಟ್ಟಿಯಾಗಲು ಶುರುವಾಗಿರುತ್ತವೆ, ಉಳಿದವು ಇನ್ನೂ ಮೆದು. ಬೆರಳಿಗೂ ಪೆನ್ಸಿಲ್ ಹಿಡಿದು ಕೂರುವಷ್ಟು ಕಸುವು ಬಂದಿರಲ್ಲ. ಈ ವಯಸ್ಸಿನವರು ಗೀಚುವುದು ಭುಜದಿಂದ, ಮೊಣಕೈಯಿಂದ. ಬೆರಳಿನ ಹಿಡಿತ ಆಮೇಲಿನದು. ಸುಮಾರು 3 ವರ್ಷಕ್ಕೆ ಸುತ್ತು ಹಾಕಲು ಬರುತ್ತದೆ, 4ಕ್ಕೆ ಕೂಡಿಸುವ ಗುರುತು, 5ರ ಆಸುಪಾಸು ಚೌಕ. ನಮ್ಮ ಕನ್ನಡದ ಅಕ್ಷರಗಳಂತೂ ಎಲ್ಲಾ ಗುಂಡಗೆ. ಅಂಗೈಯಲ್ಲಿ ಬಣ್ಣ ಹಚ್ಚಿಕೊಂಡು ಸುತ್ತಿದ್ದೇ ಸುತ್ತುವ ಹುಡುಗ, ಮುಂದೆ ‘ರ’, ‘ಠ’ ಬರೆಯಲು ಬೇಕಾದ ತಿರುವನ್ನೇ ಕೈಗೆ ರೂಢಿ ಮಾಡಿಕೊಳ್ಳುತ್ತಿರುತ್ತಾನೆ.

ಇನ್ನು ಆ ಗೆರೆಯೊಳಗೆ ಬಣ್ಣ ತುಂಬುವ ಹಾಳೆ. ಅದರಿಂದ ಕೆಡುಕೇನಿಲ್ಲ, ಕೈಗೆ ಒಂದಿಷ್ಟು ಅಭ್ಯಾಸ ಆಗುತ್ತೆ. ಆದರೆ ಆನೆ ಬರೆದವರು ಯಾರೋ, ಅದು ಬೂದು ಬಣ್ಣದ್ದೇ ಇರಬೇಕು ಅಂದವರು ಯಾರೋ. ಮಗುವಿಗೆ ಯೋಚಿಸಲು ಉಳಿದಿರೋದು ಏನು? ಬರೀ ಬಣ್ಣ, ಬರೀ ಕಾಗದ ಕೊಟ್ಟು ನೋಡಿ. ಯಾವ ಬಣ್ಣ, ಎಷ್ಟು, ಯಾವುದಕ್ಕೆ ಯಾವುದು ಬೆರೆಸೋದು, ಎಲ್ಲಿಗೆ ಸಾಕು ಅನ್ನೋದು, ಎಲ್ಲಾ ಅವನದೇ ತೀರ್ಮಾನ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದವರ ಕಲಿಕೆಯಲ್ಲಿ ಕಲೆಗೆ ಜಾಗ ಕೊಟ್ಟಿದೆ. ಆದರೂ ಅಪ್ಪ ಅಮ್ಮಂದಿರು ಕೇಳೋದು ‘ಹೋಂವರ್ಕ್ ಯಾಕೆ ಕೊಟ್ಟಿಲ್ಲ’ ಅಂತಲೇ.

ನಮ್ಮಲ್ಲಿ ಒಬ್ಬ ಹುಡುಗ ಮನೆ ಬರೆದ, ಫ್ಯಾನ್ ಬರೆದ, ಕಾಲು ನೇರ ತಲೆಯಿಂದಲೇ ಇಳಿದಿರೋ ಅಮ್ಮನನ್ನೂ ಬರೆದ. ಆಮೇಲೆ ಕಪ್ಪು ಬಣ್ಣದ ಡಬ್ಬಿಗೆ ಕೈ ಅದ್ದಿ ಎಲ್ಲದರ ಮೇಲೆ ಮೆತ್ತಿಬಿಟ್ಟ. ನಮ್ಮ ಶಿಶುವಿಹಾರದ ಆಯಮ್ಮ ‘ಅಯ್ಯೋ, ಚೆಂದ ಇತ್ತಲ್ಲೋ, ಯಾಕೋ ಕೆಡಿಸಿದಿ’ ಅಂದರು. ಅವನು ತಲೆ ಎತ್ತದೆ ‘ಕರೆಂಟ್ ಹೋತು’ ಅಂದ. ಕೊನೆಗೆ ಕೈಗೆ ಸಿಕ್ಕಿದ್ದು ಒಂದು ಕರೀ ಹಾಳೆ, ಮನೆಗೆ ಒಯ್ದು ಗೋಡೆಗೆ ಹಚ್ಚುವಂಥದ್ದಲ್ಲ. ಅದಕ್ಕೇ ‘ಇದೇನು ಬರೆದಿ’ ಅಂತ ಅವಸರಪಟ್ಟು ಕೇಳಬೇಡಿ. ಸುಮ್ನೆ ಪಕ್ಕದಲ್ಲಿ ಕೂತರೆ ಅವರೇ ಹೇಳುತ್ತಾರೆ. ಎಷ್ಟೋ ಸಲ ಅದು ಏನೂ ಆಗಿರೋದಿಲ್ಲ, ಆಗಬೇಕಂತಲೂ ಇಲ್ಲ.

ಇದೇನು ಪೇಟೆಯಿಂದ ಬಂದ ಹೊಸ ಫ್ಯಾಷನ್ನೂ ಅಲ್ಲ. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದಲ್ಲ? ಎರೆಮಣ್ಣು ತಂದು ಕಲಸಿ ಎತ್ತು, ಅವಕ್ಕೆ ಮೇವು ಹಾಕುವ ಗ್ವಾದಲಿ ಮಾಡುವಾಗ ಮನೆಯ ಹುಡುಗರೆಲ್ಲಾ ಮೊಣಕೈವರೆಗೆ ಮಣ್ಣಾಗುತ್ತಿದ್ದರು. ಒಬ್ಬನ ಎತ್ತಿಗೆ ಕೊಂಬು ಉದ್ದ, ಇನ್ನೊಬ್ಬನದಕ್ಕೆ ಕಾಲೇ ನಿಲ್ಲದು. ಅಂಥ ಎತ್ತಿಗೂ ಪೂಜೆ ಆಗುತ್ತಿತ್ತು. ಈಗ ಜೋಡಿ ಎತ್ತು ಸಂತೆಯಲ್ಲೇ ಸಿಗುತ್ತವೆ, ಅಚ್ಚುಕಟ್ಟಾಗಿ. ಮಕ್ಕಳ ಪಾಲಿಗೆ ಕೈಮುಗಿಯೋದಷ್ಟೇ ಉಳಿಯಿತು. ನನಗಂತೂ ಇದು ನಷ್ಟ ಅಂತಲೇ ಅನಿಸುತ್ತದೆ.

‘ಬಣ್ಣದ ಮರದ ಗೊಂಬೆಗೆ ಹೆಸರಾದ ಕಿನ್ನಾಳದ ಸೀಮೆಯವರು ನಾವು, ಚಿಕ್ಕಂದಿನಿಂದಲೇ ನಾಜೂಕು ಕಲಿಸಬಾರದಾ’ ಅಂತ ಒಬ್ಬ ತಂದೆ ಕೇಳಿದ್ದರು. ಕಲಿಸಬಹುದು, ಕೈ ಮಾತು ಕೇಳುವ ವಯಸ್ಸು ಬಂದ ಮೇಲೆ.

ಈಗ ಮನೆಯಲ್ಲಿ ಮಾಡೋದು ಹೇಗೆ ಅಂತ. ನಮ್ಮ ಕಡೆ ನೀರಿನ ಕಷ್ಟ ಗೊತ್ತೇ ಇದೆ, ಹಾಗಾಗಿ ಸ್ನಾನಕ್ಕೆ ಮುಂಚೆ ಬಚ್ಚಲಲ್ಲೇ ಕೂರಿಸಿ. ಹಳೇ ಬನಿಯನ್ ಸಾಕು. ಆಟ ಮುಗಿದರೆ ಅದೇ ನೀರಲ್ಲಿ ಮಗುವೂ ತೊಳೆಯಿತು, ನೆಲವೂ ತೊಳೆಯಿತು. ಬಣ್ಣಕ್ಕೆ ಮೈದಾವನ್ನು ನೀರಲ್ಲಿ ಕದಡಿ ಅಂಟಿನ ಹಾಗೆ ಕುದಿಸಿ, ಆರಿಸಿ, ಬೀಟ್‌ರೂಟ್ ರಸ, ಪಾಲಕ್ ರಸ, ಅರಿಸಿನ ಬೇರೆ ಬೇರೆ ಬಟ್ಟಲಲ್ಲಿ ಕಲಸಿ. ಅರಿಸಿನದ ಬಟ್ಟಲಿಗೆ ಚಿಟಿಕೆ ಅಡುಗೆ ಸೋಡಾ ಹಾಕಲು ಅವನಿಗೇ ಹೇಳಿ. ಹಳದಿ ಕೆಂಪಾಗುತ್ತದೆ, ಆ ಮುಖ ನೀವೇ ನೋಡಬೇಕು. ಸುಣ್ಣ ಹಾಕಿದರೂ ಕೆಂಪಾಗುತ್ತೆ, ಆದರೆ ಅದು ಕಣ್ಣು ಸುಡುತ್ತದೆ, ಬೇಡ. ತಿನ್ನೋ ಹಿಟ್ಟಲ್ಲಿ ಆಟವೇ ಅಂತ ಅತ್ತೆಯವರು ಬೇಜಾರಾದರೆ ಅದೂ ನ್ಯಾಯವೇ. ಹುಳ ಬಿದ್ದ ಹಿಟ್ಟಿದ್ದರೆ ಜರಡಿ ಹಿಡಿದು ಬಳಸಿ, ಇಲ್ಲದಿದ್ದರೆ ಮಣ್ಣಂತೂ ಇದೆಯಲ್ಲ. ಏನೂ ಇಲ್ಲದ ದಿನ ಒಂದು ಚೊಂಬು ನೀರು, ಹಳೇ ಬ್ರಷ್ ಕೊಟ್ಟು ಅಂಗಳದ ಪರಸಿ ಕಲ್ಲಿನ ಮೇಲೆ ಬಳಿಯಲು ಬಿಡಿ. ಬಿಸಿಲು ಇಳಿದ ಮೇಲೂ ಕಲ್ಲು ಬೆಚ್ಚಗಿರುತ್ತದೆ, ಬರೆದದ್ದು ನೋಡನೋಡುತ್ತಾ ಮಾಯ. ಮತ್ತೆ ಬರೀತಾರೆ.

ಎಚ್ಚರ ಬೇಕಾದದ್ದು ಎರಡರಲ್ಲಿ. ರಂಗೋಲಿ ಪುಡಿ, ಹೋಳಿ ಬಣ್ಣ ಒಣದಾಗಿ ಕೊಡಬೇಡಿ, ಕಣ್ಣಿಗೆ, ಉಸಿರಿಗೆ ಹೋಗುತ್ತದೆ. ಆಷಾಢದಲ್ಲಿ ಮಣ್ಣಿನಿಂದ ಮಾಡಿ ಪೂಜಿಸುವ ಗುಳ್ಳವ್ವನಿಗೆ ಹಚ್ಚುವ ಗುಲಗಂಜಿಯನ್ನು ಸಣ್ಣವರ ಕೈಗೆ ಸಿಗದ ಹಾಗೆ ಇಡಿ. ನೋಡಲು ಚೆಂದ, ಆದರೆ ಅಗಿದು ನುಂಗಿದರೆ ಕಡುವಿಷ.

ಕೆಲವು ಮಕ್ಕಳಿಗೆ ಕೈಗೆ ಅಂಟೋದು ಆಗಿಬರೋದಿಲ್ಲ. ಅವರಿಗೆ ಚಮಚ, ಕಡ್ಡಿ ಕೊಟ್ಟರಾಯಿತು. ನಿಮ್ಮ ಹುಡುಗನಿಗೆ ಆ ತೊಂದರೆ ಇಲ್ಲ ಅಂತ ಕಾಣುತ್ತೆ.

ಬಟ್ಟೆಗೆ ಹತ್ತಿದ ಅರಿಸಿನಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಗೆದು ನೇರ ಬಿಸಿಲಿಗೆ ಹಾಕಿ, ತಾನೇ ಮಾಸುತ್ತದೆ. ನಮ್ಮಲ್ಲಿ ಬಿಸಿಲಿಗೇನು ಬರ!