ದಿಂಬಿನ ಮೇಲಿಂದ ಕಾಣುವ ಕೋಣೆ

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ಬಂತು. ಮೊದಲ ಎರಡು ಪುಟದಲ್ಲಿ ನಮ್ಮನ್ನು ಚೆನ್ನಾಗಿ ಬೈದಿದ್ದೀರಿ. ಬೇಜಾರಿಲ್ಲ, ಈ ಕುರ್ಚಿಯಲ್ಲಿ ಕೂತವರಿಗೆ ಅದು ಅಭ್ಯಾಸ. ಆದರೆ ಉಳಿದ ಎರಡು ಪುಟ ಓದಿದ ಮೇಲೆ ಇದಕ್ಕೆ ನಾಲ್ಕು ಸಾಲಿನ ಉತ್ತರ ಸಾಲದು ಅನ್ನಿಸಿತು.

ಉಳಿದವರಿಗಾಗಿ ವಿಷಯ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಆಸ್ಪತ್ರೆ ಕೋಣೆಗಳ ಒಳಾಂಗಣದ ಬಗ್ಗೆ ನಾವು ಒಂದು ಲೇಖನ ಹಾಕಿದ್ದೆವು. ಕೋಣೆ ಹೇಗಿದೆ ಅನ್ನುವುದು ರೋಗಿಯ ಮನಸ್ಸಿಗೆ ನಾಟುತ್ತದೆ ಅನ್ನುವುದು ಅದರ ಸಾರ. ಅದಕ್ಕೆ ಇವರ ಆಕ್ಷೇಪ: “ರೋಗಿ ಆಸ್ಪತ್ರೆಗೆ ಬರೋದು ವಾಸಿಯಾಗೋಕೆ, ಗೋಡೆ ನೋಡೋಕಲ್ಲ. ಡಾಕ್ಟರು ಸರಿಯಾಗಿದ್ದರೆ ಮರದ ಕೆಳಗೆ ಮಲಗಿಸಿದರೂ ವಾಸಿಯಾಗುತ್ತೆ. ಇದೆಲ್ಲ ದುಡ್ಡಿದ್ದವರ ಶೋಕಿ. ಅಷ್ಟಕ್ಕೂ ಯಾವ ಬಣ್ಣ ಬಳಿದರೆ ಯಾವ ಕಾಯಿಲೆ ಹೋಗುತ್ತೆ, ಅದನ್ನಾದರೂ ಹೇಳಿ.”

ಮೂರನೇ ಪುಟದಲ್ಲಿ ಧ್ವನಿ ಬದಲಾಗಿದೆ. ನಿಮ್ಮ ಶ್ರೀಮತಿಯವರು ಆಪರೇಷನ್ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಕೋಣೆಯಲ್ಲಿ ಟಿವಿ, ಎಸಿ, ಹೊಳೆಯುವ ಟೈಲ್ಸು ಎಲ್ಲ ಇತ್ತು. ಆದರೂ ಮೂರನೇ ರಾತ್ರಿ “ಇಲ್ಲಿಂದ ಬೇರೆ ಕಡೆ ಹಾಕಿಸಿ, ಉಸಿರು ಕಟ್ಟುತ್ತೆ” ಅಂತ ಅತ್ತರು. ನರ್ಸು ಬಂದು ನೋಡಿದರೆ ಉಸಿರಾಟ ಸರಿಯಾಗೇ ಇತ್ತು. “ಎಲ್ಲ ಕೋಣೆಗಳೂ ಇದೇ ಥರ” ಎಂದು ಹೇಳಿ ಹೋದರು. “ಅವಳಿಗೆ ಅಲ್ಲಿ ಏನು ಕಾಟವಾಗುತ್ತಿತ್ತೋ ಇವತ್ತಿಗೂ ನನಗೆ ಗೊತ್ತಾಗಿಲ್ಲ” ಎಂದು ಬರೆದಿದ್ದೀರಿ. ಮುಂದಿನ ತಿಂಗಳು ಎರಡನೇ ಆಪರೇಷನ್ನಿಗೆ ಅದೇ ಆಸ್ಪತ್ರೆಗೆ ಹೋಗಬೇಕಂತೆ. ಅವರಿಗೆ ಆಪರೇಷನ್ನಿಗಿಂತ ಆ ಕೋಣೆಯ ಭಯವೇ ಜಾಸ್ತಿಯಂತೆ.

ನೋಡಿ, ನಿಮ್ಮ ಮೊದಲ ಎರಡು ಪುಟಕ್ಕೆ ಉತ್ತರ ನಿಮ್ಮದೇ ಮೂರನೇ ಪುಟದಲ್ಲಿದೆ. ನೀವು ಆ ಕೋಣೆಯನ್ನು ನಿಂತು ನೋಡಿದ್ದೀರಿ, ಕೂತು ನೋಡಿದ್ದೀರಿ. ಅವರು ಮಲಗಿ ನೋಡಿದ್ದಾರೆ. ನಾಲ್ಕು ಗೋಡೆ ಅವೇ ಆದರೂ ಕೋಣೆ ಬೇರೆ.

ಇಲ್ಲಿ ನಮ್ಮದೂ ಒಂದು ತಪ್ಪಿದೆ, ಒಪ್ಪಿಕೊಂಡುಬಿಡುತ್ತೇನೆ. ಆ ಲೇಖನದ ಜೊತೆ ಐದು ಫೋಟೋ ಹಾಕಿದ್ದೆವು. ನಿಮ್ಮ ಪತ್ರ ಓದಿದ ಮೇಲೆ ಮತ್ತೆ ತೆಗೆದು ನೋಡಿದೆ. ಐದೂ ಬಾಗಿಲಲ್ಲಿ ನಿಂತು ತೆಗೆದವು. ಐದರಲ್ಲೂ ಮಂಚ ಖಾಲಿ. ಮಂಚದ ಮೇಲಿಂದ ತೆಗೆದ ಫೋಟೋ ಒಂದೂ ಇಲ್ಲ. ಅಂಥ ಚಿತ್ರ ನೋಡಿದರೆ ಯಾರಿಗಾದರೂ ಹೋಟೆಲ್ ಜಾಹೀರಾತು ಅನ್ನಿಸುತ್ತದೆ, ಅಲ್ವಾ?

ಹಾಗಂತ ಮಲಗಿ ನೋಡುವುದು ಎಂದರೇನು ಅಂತ ನನಗೆ ಗೊತ್ತಿಲ್ಲದೆ ಇರಲಿಲ್ಲ. ಕೆಲವು ವರ್ಷದ ಹಿಂದೆ ನಾನೂ ಒಂದು ಆಸ್ಪತ್ರೆಯಲ್ಲಿ ಆರು ದಿನ ಅಂಗಾತ ಮಲಗಿದ್ದೆ. ನೆಟ್ಟಗೆ ಮುಖದ ಮೇಲೆ ಒಂದು ಟ್ಯೂಬ್‌ಲೈಟು. ಅದರ ಸ್ವಿಚ್ಚು ತಲೆಯ ಹಿಂದಿನ ಗೋಡೆಯಲ್ಲಿ. ಒಂದು ಕೈಗೆ ಡ್ರಿಪ್ಪು, ಇನ್ನೊಂದು ಕೈ ಹಿಂದಕ್ಕೆ ಚಾಚಿದರೆ ಹೊಲಿಗೆ ಎಳೆಯುತ್ತದೆ. ಹಾಗಾಗಿ ಲೈಟು ಆರಿಸಬೇಕೆಂದರೂ ಬೆಲ್ ಒತ್ತಬೇಕು. ಬೆಲ್ಲಿನ ವೈರು ಜಾರಿ ಮಂಚದ ಕೆಳಗೆ ಬಿದ್ದಿರುತ್ತಿತ್ತು. ಸೀಲಿಂಗಿನ ಒಂದು ಹಲಗೆಯಲ್ಲಿ ನೀರಿನ ಕಲೆ ಇತ್ತು, ಅಂಚು ಕಂದು, ನಡುವೆ ಬಿಳಿ. ಮೊದಲ ದಿನ ಅದು ಮೋಡದ ಹಾಗಿತ್ತು. ನಾಲ್ಕನೇ ದಿನಕ್ಕೆ ಒಂದು ಮುಖವಾಯಿತು, ನನ್ನನ್ನೇ ನೋಡುತ್ತಿತ್ತು. ಕಣ್ಣು ಮುಚ್ಚಿದರೂ ಅಲ್ಲೇ ಇದೆ ಅನ್ನಿಸುತ್ತಿತ್ತು. ನೋಡಲು ಬಂದವರೆಲ್ಲ “ರೂಮು ಚೆನ್ನಾಗಿದೆ ಕಣ್ರೀ” ಅನ್ನುತ್ತಿದ್ದರು. ಹೌದು ಅನ್ನುತ್ತಿದ್ದೆ. ಕಲೆಯ ವಿಷಯ ಹೇಳಿದರೆ ನಗುತ್ತಾರೆ ಅಂತ ಸುಮ್ನೆ ಇರುತ್ತಿದ್ದೆ. ನಿಮ್ಮ ಶ್ರೀಮತಿಯವರೂ ಏನನ್ನೋ ಹಾಗೇ ನುಂಗಿಕೊಂಡಿರಬಹುದು.

ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡವರು ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ. ಪೈಮಿಯೊ ಎಂಬಲ್ಲಿ ಕ್ಷಯರೋಗಿಗಳಿಗಾಗಿ ಅವರು ವಿನ್ಯಾಸ ಮಾಡಿದ ಆಸ್ಪತ್ರೆ 1933ರಲ್ಲಿ ಮುಗಿಯಿತು. ಆಗ ಕ್ಷಯಕ್ಕೆ ಸರಿಯಾದ ಔಷಧಿಯೇ ಇರಲಿಲ್ಲ. ವಿಶ್ರಾಂತಿ, ಗಾಳಿ, ಬಿಸಿಲು, ಅಷ್ಟೇ. ರೋಗಿಗಳು ತಿಂಗಳುಗಟ್ಟಲೆ ಮಲಗಿರಬೇಕಿತ್ತು. ಮಾಮೂಲಿ ಕೋಣೆ ಕಟ್ಟುವುದು ನಿಂತ ಮನುಷ್ಯನಿಗೆ, ಇದನ್ನು ಮಲಗಿದ ಮನುಷ್ಯನಿಗೆ ಕಟ್ಟಬೇಕು ಎಂದು ಆಲ್ಟೊ ಹೊರಟರು. ಮಲಗಿದವನಿಗೆ ಎದುರುಗೋಡೆಗಿಂತ ಸೀಲಿಂಗೇ ಕಾಣುವುದು ಜಾಸ್ತಿ. ಅದಕ್ಕೆ ಕಣ್ಣಿಗೆ ಹೊಡೆಯದ ಮಂದ ಹಸಿರು ಬಳಿಸಿದರು. ದೀಪವನ್ನು ಮಲಗಿದವರ ಕಣ್ಣಿಗೆ ನೇರವಾಗಿ ಬೀಳದ ಜಾಗಕ್ಕೆ ಸರಿಸಿದರು. ಕೋಣೆಗೆ ಇಬ್ಬರು ರೋಗಿಗಳು, ಇಬ್ಬರಿಗೂ ಬೇರೆ ಬೇರೆ ಕೈತೊಳೆಯುವ ಬೇಸಿನ್ನು. ಒಬ್ಬರು ರಾತ್ರಿ ಎದ್ದು ಕೈ ತೊಳೆದರೆ ಇನ್ನೊಬ್ಬರಿಗೆ ಎಚ್ಚರವಾಗಬಾರದು ಅಂತ, ನೀರು ಸದ್ದಿಲ್ಲದೆ ಜಾರಿ ಹೋಗುವ ಹಾಗೆ ಆ ಬೇಸಿನ್ನಿಗೆ ಓರೆ ಕೊಟ್ಟರು. ಇದರಲ್ಲಿ ಶೋಕಿ ಎಲ್ಲಿದೆ ಹೇಳಿ? ನನ್ನ ಆರು ದಿನದಲ್ಲಿ ಇಂಥದ್ದೊಂದು ಬೇಸಿನ್ನು ಸಿಕ್ಕಿದ್ದರೆ ಟಿವಿಯನ್ನು ಖುಷಿಯಿಂದ ಬಿಟ್ಟುಕೊಡುತ್ತಿದ್ದೆ.

ಇನ್ನು ಮರದ ಮಾತು. ನೀವು ಸಿಟ್ಟಿನಲ್ಲಿ ಅಂದದ್ದನ್ನೇ ಒಬ್ಬರು ಲೆಕ್ಕ ಹಾಕಿ ನೋಡಿದ್ದಾರೆ. ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ 1972ರಿಂದ 1981ರವರೆಗಿನ ದಾಖಲೆಗಳನ್ನು ತೆಗೆದರು. ಎಲ್ಲರೂ ಪಿತ್ತಕೋಶದ ಆಪರೇಷನ್ ಆದವರು. ಒಂದೇ ಥರದ ಕೋಣೆಗಳು. ಕೆಲವು ಕೋಣೆಗಳ ಕಿಟಕಿಯಾಚೆ ಮರಗಳು, ಉಳಿದವುಗಳಲ್ಲಿ ಕಂದು ಇಟ್ಟಿಗೆಯ ಗೋಡೆ. ವಯಸ್ಸು, ಗಂಡೋ ಹೆಣ್ಣೋ, ಸಿಗರೇಟು ಸೇದುವವರೋ ಅಲ್ಲವೋ ಎಲ್ಲ ಹೊಂದಿಸಿ 23 ಜೋಡಿ ಮಾಡಿದರು. ಮರ ಕಾಣುತ್ತಿದ್ದವರು ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲಿದ್ದದ್ದು ಸರಾಸರಿ 7.96 ದಿನ, ಗೋಡೆ ಕಾಣುತ್ತಿದ್ದವರು 8.70 ದಿನ. ಮರದವರು ಕೇಳಿ ಪಡೆದ ಜೋರು ನೋವಿನ ಮದ್ದೂ ಕಡಿಮೆ. ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು ಲೆಕ್ಕ. ರೋಗಿ ಅಳುತ್ತಿದ್ದಾರೆ, ಧೈರ್ಯ ಹೇಳಬೇಕಾಗಿದೆ ಎಂದೆಲ್ಲ ನರ್ಸುಗಳು ಟಿಪ್ಪಣಿ ಬರೆದಿಡುತ್ತಾರಲ್ಲ, ಅಂಥವು ಗೋಡೆಯ ಕಡೆಯ ರೋಗಿಗಳ ಬಗ್ಗೆ ಮೂರು ಪಟ್ಟಿಗೂ ಜಾಸ್ತಿ ಇದ್ದವು. ಟಿಪ್ಪಣಿ ಬರೆದ ನರ್ಸುಗಳಿಗೆ ಮುಂದೆ ಯಾರೋ ಇದನ್ನು ಎಣಿಸುತ್ತಾರೆ ಅಂತ ಹೇಗೆ ಗೊತ್ತಿರಬೇಕು? ನಿಮ್ಮ ಶ್ರೀಮತಿಯವರ ಮೂರನೇ ರಾತ್ರಿಯೂ ಯಾವುದೋ ಫೈಲಿನಲ್ಲಿ ಒಂದು ಸಾಲಾಗಿ ಕೂತಿರುತ್ತದೆ.

1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದು. ಒಂದೇ ಆಸ್ಪತ್ರೆ, ಬರೀ 46 ಜನ. ಇದನ್ನು ಹಿಡಿದುಕೊಂಡು ಮರ ನೆಟ್ಟರೆ ಬೇಗ ಡಿಸ್ಚಾರ್ಜ್ ಅಂತ ಬೋರ್ಡು ಹಾಕಲು ಬರುವುದಿಲ್ಲ. ಆದರೆ 2005ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಬೆನ್ನುಮೂಳೆಯ ಆಪರೇಷನ್ ಆದವರನ್ನು ಗಮನಿಸಿದಾಗ, ಬಿಸಿಲು ಚೆನ್ನಾಗಿ ಬೀಳುವ ಕಡೆಯ ಕೋಣೆಯವರು ಗಂಟೆಗೆ ಶೇಕಡಾ 22ರಷ್ಟು ಕಡಿಮೆ ನೋವಿನ ಮದ್ದು ತೆಗೆದುಕೊಂಡಿದ್ದರು. ಕಿಟಕಿ ಮದ್ದಲ್ಲ, ನಿಜ. ಮದ್ದಿಗೆ ಕೈ ಜೋಡಿಸುತ್ತದೆ ಅನ್ನಬಹುದು.

ನಿಮ್ಮ ಪತ್ರದಲ್ಲಿ ಅಡ್ಡಮಾತಿನ ಹಾಗೆ ಒಂದು ಸಾಲಿದೆ: ಕೋಣೆ ನರ್ಸುಗಳ ಕೌಂಟರಿನ ಎದುರಿಗೇ ಇತ್ತು, ಬೇಗ ಸಹಾಯ ಸಿಗಲಿ ಅಂತ ನೀವೇ ಕೇಳಿ ಹಾಕಿಸಿಕೊಂಡಿರಿ. ಸ್ವಾಮಿ, ನನಗೆ ಅನುಮಾನ ಇರುವುದೇ ಅಲ್ಲಿ. ಕೌಂಟರಿನಲ್ಲಿ ರಾತ್ರಿಯಿಡೀ ಫೋನು, ಮಾನಿಟರಿನ ಬೀಪು, ಟ್ರಾಲಿಯ ಗಾಲಿ, ಪಾಳಿ ಬದಲಾಗುವಾಗಿನ ಮಾತು. ವಾರ್ಡಿನೊಳಗಿನ ಸದ್ದು 30 ಡೆಸಿಬೆಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು. ಅದು ಪಿಸುಮಾತಿನ ಮಟ್ಟ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಹಲವು ಆಸ್ಪತ್ರೆಗಳಲ್ಲಿ ಅಳೆದ ಲೆಕ್ಕಗಳನ್ನು ಒಟ್ಟುಮಾಡಿ ನೋಡಿದರೆ, 1960ರಲ್ಲಿ ರಾತ್ರಿ 42 ಇದ್ದ ಸದ್ದು 2005ರ ಹೊತ್ತಿಗೆ 60ಕ್ಕೆ ಏರಿತ್ತು. ಅರವತ್ತು ಎಂದರೆ ಪಕ್ಕದಲ್ಲೇ ಇಬ್ಬರು ಕೂತು ಹರಟುತ್ತಿದ್ದ ಹಾಗೆ. ಆ ಹೊಳೆಯುವ ಟೈಲ್ಸು ಇದೆಯಲ್ಲ, ಒರೆಸಲು ಸುಲಭ, ಆದರೆ ಒಂದು ಸದ್ದನ್ನೂ ನುಂಗುವುದಿಲ್ಲ. ಗೋಡೆಗೆ ಬಡಿದದ್ದು ನೆಲಕ್ಕೆ, ನೆಲದ್ದು ಸೀಲಿಂಗಿಗೆ.

ಸ್ವೀಡನ್ನಿನ ಹುಡಿಂಗೆ ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಸೀಲಿಂಗ್ ಹಲಗೆಗಳನ್ನು ಬದಲಾಯಿಸಿ ನೋಡಿದರು. ಕೆಲವು ವಾರ ಸದ್ದು ನುಂಗುವ ಹಲಗೆ, ಕೆಲವು ವಾರ ಸದ್ದು ಪುಟಿಯುವ ಹಲಗೆ. ಮೆತ್ತನೆ ಹಲಗೆ ಇದ್ದಾಗ ದಾಖಲಾಗಿದ್ದ ರೋಗಿಗಳು ಏನಂದರು ಗೊತ್ತೇ? ಸಿಬ್ಬಂದಿಯ ನಡವಳಿಕೆ ಚೆನ್ನಾಗಿತ್ತು ಎಂದರು! ಅಲ್ಲಿನ ನರ್ಸುಗಳು ಆ ವಾರಗಳಲ್ಲಿ ಹೊಸ ಸೌಜನ್ಯವನ್ನೇನೂ ಕಲಿತು ಬಂದಿರಲಿಲ್ಲ. ಬಹುಶಃ ಕೂಗಿ ಮಾತಾಡುವ ಅಗತ್ಯ ಇಲ್ಲದಿದ್ದಾಗ ಎಲ್ಲರೂ ಸ್ವಲ್ಪ ಒಳ್ಳೆಯವರಾಗಿ ಕಾಣುತ್ತಾರೆ.

ಸದ್ದೆಂದರೆ ಬರೀ ಜೋರು ಸದ್ದಲ್ಲ. ಬಾಗಿಲಾಚೆ ನಿಂತು ಡಾಕ್ಟರೂ ಮನೆಯವರೂ ಪಿಸುಗುಡುವುದು ಕ್ರೌರ್ಯ ಎಂದು ಫ್ಲಾರೆನ್ಸ್ ನೈಟಿಂಗೇಲ್ 19ನೇ ಶತಮಾನದಲ್ಲೇ ಗದರಿದ್ದರು. ಒಳಗೆ ಮಲಗಿದವರು ಆ ಅರ್ಧಂಬರ್ಧ ಮಾತನ್ನೇ ಕಿವಿಗೊಟ್ಟು ಕೇಳುತ್ತಿರುತ್ತಾರೆ, ಉಳಿದರ್ಧವನ್ನು ತಾವೇ ತುಂಬಿಕೊಳ್ಳುತ್ತಾರೆ. ನೀವು ಬಾಗಿಲಾಚೆ ನಿಂತು ಯಾರ ಜೊತೆಗಾದರೂ ಮಾತಾಡಿದ್ದಿರಾ? ತಪ್ಪು ತಿಳಿಯಬೇಡಿ, ಕೇಳಿದೆ ಅಷ್ಟೇ.

ಬಣ್ಣದ ಪ್ರಶ್ನೆಗೆ ಬರುತ್ತೇನೆ, ಬೇಗ ಮುಗಿಯುತ್ತದೆ. ಯಾವ ಬಣ್ಣ ಬಳಿದರೂ ಯಾವ ಕಾಯಿಲೆಯೂ ಹೋಗುವುದಿಲ್ಲ. ನೀಲಿ ಶಾಂತಿ, ಕೆಂಪು ಉದ್ವೇಗ ಅನ್ನುವ ಪಟ್ಟಿಗಳನ್ನು ನಂಬಬೇಡಿ. ಆಪರೇಷನ್ ಥಿಯೇಟರಿನ ಹಸಿರಿಗೆ ಮಾತ್ರ ಗಟ್ಟಿ ಕಾರಣವಿದೆ: ತುಂಬ ಹೊತ್ತು ಕೆಂಪನ್ನೇ ನೋಡಿದ ಕಣ್ಣು ಬಿಳಿ ಬಟ್ಟೆ ನೋಡಿದರೆ ಹಸಿರು ನೆರಳು ಕಾಣುತ್ತದೆ, ಹಸಿರು ಬಟ್ಟೆಯಲ್ಲಿ ಅದು ಕರಗಿಹೋಗುತ್ತದೆ. ನವಜಾತ ಶಿಶುಗಳ ವಾರ್ಡಿಗೆ ಹಳದಿ ಬೇಡ ಅನ್ನುತ್ತಾರೆ, ಕಾಮಾಲೆ ಗುರುತಿಸುವುದು ಕಷ್ಟವಾಗುತ್ತದೆ ಅಂತ. ಮಕ್ಕಳ ವಾರ್ಡಿನಲ್ಲಿ ಕೋಡಂಗಿ ಚಿತ್ರ ಬಿಡಿಸುವ ಗೀಳು ಕೆಲವರಿಗಿದೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 250ಕ್ಕೂ ಹೆಚ್ಚು ಮಕ್ಕಳನ್ನು ಕೇಳಿದರೆ ಒಂದಕ್ಕೂ ಆ ಕೋಡಂಗಿ ಇಷ್ಟವಿರಲಿಲ್ಲ. ಬಿಡಿಸುವ ಮೊದಲು ಕೇಳಬಹುದಿತ್ತು.

ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಪಕ್ಷ. ಎಷ್ಟೋ ಆಸ್ಪತ್ರೆಗಳು ದುಡ್ಡು ಸುರಿಯುವುದು ಲಾಬಿಗೆ. ಅಮೃತಶಿಲೆ, ಗಾಜು, ಕಾರಂಜಿ. ಅದೆಲ್ಲ ನಡೆದು ಬರುವವರಿಗೆ, ಬಿಲ್ಲು ಕಟ್ಟುವವರಿಗೆ. ಮಂಚ ಬಿಟ್ಟು ಏಳಲಾಗದವರಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಅದನ್ನು ಶೋಕಿ ಎಂದರೆ ಒಪ್ಪುತ್ತೇನೆ.

ಈಗ ಮುಂದಿನ ತಿಂಗಳ ವಿಚಾರ. ನಾನು ಡಾಕ್ಟರಲ್ಲ. ಆಪರೇಷನ್ ಆದವರು ರಾತ್ರಿ ಹೊತ್ತು ಗಾಬರಿಯಾಗುವುದಕ್ಕೆ, ಸನ್ನಿ ಹಿಡಿದಂತಾಡುವುದಕ್ಕೆ ಔಷಧಿ, ಜ್ವರ, ನಿದ್ದೆಗೇಡು ಹೀಗೆ ಕಾರಣ ಹತ್ತಾರು. ಹಿಂದಿನ ಸಲ ಹೀಗಾಗಿತ್ತು ಎಂದು ಡಾಕ್ಟರಿಗೆ ಮೊದಲೇ ಹೇಳಿಡಿ. ಕೋಣೆಯ ಮಟ್ಟಿಗೆ, ಕೌಂಟರಿನಿಂದ ನಾಲ್ಕು ಬಾಗಿಲು ಆಚೆ, ಕಿಟಕಿ ಇರುವುದನ್ನು ಕೇಳಿ. ಮಂಚದಿಂದ ಕಿಟಕಿ ಕಾಣದಿದ್ದರೆ ಅಲ್ಲಿನವರನ್ನು ಕೇಳಿ ಒಂದು ಕನ್ನಡಿ ಓರೆಯಾಗಿ ನಿಲ್ಲಿಸಿ, ಒಂದು ತುಂಡು ಆಕಾಶವಾದರೂ ಒಳಗೆ ಬರುತ್ತದೆ. ಮಲಗಿದಲ್ಲಿಂದ ಕಾಣುವ ಹಾಗೆ ಒಂದು ಗಡಿಯಾರ ಇಡಿ. ಎಚ್ಚರವಾದಾಗ ಹಗಲೋ ರಾತ್ರಿಯೋ ತಿಳಿಯದೆ ಇರುವುದು ದೊಡ್ಡ ಹಿಂಸೆ. ಬೆಲ್ಲಿನ ವೈರನ್ನು ಡ್ರಿಪ್ಪಿಲ್ಲದ ಕೈಯ ಕಡೆ ದಿಂಬಿಗೆ ಪಿನ್ನು ಹಾಕಿ ಸಿಕ್ಕಿಸಿ. ಇದು ಅನುಭವದ ಮಾತು.

ಇನ್ನೊಂದು, ಕುರ್ಚಿ. ಡಾಕ್ಟರು ಮಂಚದ ಪಕ್ಕ ಕೂತು ಮಾತಾಡಿದರೆ ರೋಗಿಗೆ ಸಮಾಧಾನ, ಇದು ಎಲ್ಲರಿಗೂ ಗೊತ್ತು. ಆದರೆ ಕೂರುವುದಿಲ್ಲ. 2023ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಅಧ್ಯಯನದಲ್ಲಿ, ಡಾಕ್ಟರು ಬರುವ ಮೊದಲೇ ಮಂಚದಿಂದ ಮೂರಡಿಯೊಳಗೆ ಒಂದು ಕುರ್ಚಿ ಇಟ್ಟಿದ್ದರು, ಅಷ್ಟೇ. ಹಾಗೆ ಇಟ್ಟ 60 ಭೇಟಿಗಳಲ್ಲಿ 38 ಸಲ ಡಾಕ್ಟರು ಕೂತರು. ಕುರ್ಚಿ ಮಾಮೂಲಿ ಜಾಗದಲ್ಲಿದ್ದ 65 ಭೇಟಿಗಳಲ್ಲಿ ಕೂತದ್ದು 5 ಸಲ. ಹಾಗಾಗಿ ರೌಂಡ್ಸಿನ ಹೊತ್ತಿಗೆ ಆ ಕುರ್ಚಿಯ ಮೇಲಿನ ನಿಮ್ಮ ಚೀಲ, ಫ್ಲಾಸ್ಕು ಎತ್ತಿಬಿಡಿ.

ಇಷ್ಟರ ನಡುವೆ ಇನ್ನೊಂದು ಕೆಲಸ ಹೇಳುತ್ತೇನೆ. ದಾಖಲಾಗುವ ದಿನ, ಅವರು ಮಲಗುವ ಮೊದಲು, ಆ ಮಂಚದ ಮೇಲೆ ನೀವೇ ಒಂದೈದು ನಿಮಿಷ ಅಂಗಾತ ಮಲಗಿ. ಫೋನು ತೆಗೆದು, ತಲೆ ಎತ್ತದೆ, ಕಾಣಿಸಿದ್ದರ ಫೋಟೋ ಹಿಡಿಯಿರಿ. ನಮಗೆ ಕಳಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಆರನೇ ಫೋಟೋ ಅಂತ ಹಾಕುತ್ತೇವೆ, ನಿಮ್ಮ ಹೆಸರಿಲ್ಲದೆ.

– ಸಂಪಾದಕ