ಕ್ಯಾಲಿಬರ್‌ನಿಂದ ಉಳಿಸಿದ ಕನ್ನಡ ಪುಸ್ತಕಗಳ ಹೆಸರು, ಕ್ರಮ ಎರಡೂ ಸರಿ ಬರಲು ಏನು ಮಾಡಬೇಕು?

ಕಾಸರಗೋಡಿನ ನಿಮ್ಮ ಗ್ರಂಥಾಲಯಕ್ಕೆಂದು, ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದಿಂದ ಪುಸ್ತಕಗಳನ್ನು ಪೆನ್‌ಡ್ರೈವಿಗೆ ಹಾಕುವಾಗ ಹೆಸರು ಇಂಗ್ಲಿಷ್ ಅಕ್ಷರಕ್ಕೆ ತಿರುಗುತ್ತದೆ, 10ನೇ ಸಂಪುಟ 2ಕ್ಕಿಂತ ಮೊದಲು ಬರುತ್ತದೆ ಎಂದಿದ್ದೀರಿ.

ಕ್ಯಾಲಿಬರ್ ತನ್ನ ಲೈಬ್ರರಿ ಫೋಲ್ಡರಿನೊಳಗೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡುತ್ತದೆ. ಅಲ್ಲಿ ಕೈಯಿಂದ ಹೆಸರು ಬದಲಿಸಬೇಡಿ, ಆಮೇಲೆ ಕ್ಯಾಲಿಬರ್‌ಗೇ ಪುಸ್ತಕ ಸಿಗುವುದಿಲ್ಲ. ಅಲ್ಲಿಂದ ನಕಲು ಮಾಡದೆ ‘ಸೇವ್ ಟು ಡಿಸ್ಕ್’ ಬಳಸಿ. ಪ್ರಿಫರೆನ್ಸಸ್‌ನ ‘ಸೇವಿಂಗ್ ಬುಕ್ಸ್ ಟು ಡಿಸ್ಕ್’ ಪುಟದಲ್ಲಿ, ಇಂಗ್ಲಿಷೇತರ ಅಕ್ಷರಗಳನ್ನು ಇಂಗ್ಲಿಷಿಗೆ ಬದಲಿಸುವ ಆಯ್ಕೆಗೆ ಟಿಕ್ ಇದ್ದರೆ ತೆಗೆಯಿರಿ.

ಅದೇ ಪುಟದ ಟೆಂಪ್ಲೇಟಿನಲ್ಲಿ, ಅಂದರೆ ಫೈಲಿನ ಹೆಸರು ಹೇಗಿರಬೇಕೆಂದು ಬರೆಯುವ ಮಾದರಿಯಲ್ಲಿ, ಓರೆಗೆರೆ (/) ಹಾಕಿದಲ್ಲೆಲ್ಲ ಹೊಸ ಫೋಲ್ಡರು. ನಾನು ಲೇಖಕ, ಓರೆಗೆರೆ, ಸಂಪುಟ ಸಂಖ್ಯೆ, ಶೀರ್ಷಿಕೆ ಎಂದು ಇಡುತ್ತೇನೆ. ಸಂಪುಟ ಸಂಖ್ಯೆಯನ್ನು ಸೂಚಿಸುವ ಸೀರೀಸ್ ಇಂಡೆಕ್ಸ್ (series_index) ಇರುವ ಪುಷ್ಪಾವರಣದೊಳಗೆ, ಆ ಹೆಸರಿನ ಬೆನ್ನಿಗೆ :0>2 ಬರೆದು ಸಣ್ಣ ಎಸ್ (s) ಸೇರಿಸಿದರೆ 2 ಎನ್ನುವುದು 02 ಆಗುತ್ತದೆ. ವಿಂಡೋಸ್ ಅಂಕಿಯ ಬೆಲೆ ನೋಡಿ ಜೋಡಿಸುವುದರಿಂದ ಕಂಪ್ಯೂಟರಿನಲ್ಲಿ ತಪ್ಪು ಕಾಣುವುದಿಲ್ಲ. ಒಂದೊಂದೇ ಅಕ್ಷರ ಹೋಲಿಸುವ ಸಾಧನದಲ್ಲಿ ಕಾಣುತ್ತದೆ. ಕನ್ನಡ ಅಂಕಿ ಬೇಡ: ಅಕ್ಷರಗಳಿಗೆ ಕ್ರಮಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ೦ ರಿಂದ ೯ ಇರುವುದು ‘ಹ’ಕಾರದ ನಂತರ. ‘ಳ’ ಕೂಡ ಅಲ್ಲಿ ‘ವ’ಕ್ಕಿಂತ ಮೊದಲು, ಹಾಗಾಗಿ ವರ್ಣಮಾಲೆಯ ಕ್ರಮ ಅಲ್ಲಲ್ಲಿ ತಪ್ಪಿದಂತೆ ಕಾಣಬಹುದು. ಮಲಯಾಳ ಪುಸ್ತಕಗಳು ಕನ್ನಡದವು ಮುಗಿದ ಮೇಲೆ ತಾವಾಗಿ ಬರುತ್ತವೆ, ಅದಕ್ಕೆ ಏನೂ ಮಾಡಬೇಕಿಲ್ಲ.

ನಮ್ಮ ಕಡೆಯ ಹೆಸರುಗಳಿಗೆ ನಿಜವಾದ ತೊಂದರೆ ‘ಆಥರ್ ಸಾರ್ಟ್’ನದು, ಅಂದರೆ ಲೇಖಕರನ್ನು ಜೋಡಿಸಲು ಕ್ಯಾಲಿಬರ್ ಬಳಸುವ ಹೆಸರಿನದು. ಅದು ಕೊನೆಯ ಪದವನ್ನು ಮುಂದೆ ತರುತ್ತದೆ. ಕಯ್ಯಾರ ಕಿಞ್ಞಣ್ಣ ರೈ ‘ರೈ, ಕಯ್ಯಾರ ಕಿಞ್ಞಣ್ಣ’ ಆಗಿ ‘ರ’ಕ್ಕೆ ಹೋಗುತ್ತಾರೆ, ಕಾಸರಗೋಡಿನಲ್ಲಿ ಅವರನ್ನು ‘ರ’ದಲ್ಲಿ ಹುಡುಕುವವರು ಯಾರು? ಪ್ರಿಫರೆನ್ಸಸ್‌ನ ಟ್ವೀಕ್ಸ್‌ನಲ್ಲಿ ಆಥರ್ ಸಾರ್ಟ್ ವಿಧಾನವನ್ನು ‘ಕಾಪಿ’ ಎಂದು ಮಾಡಿ, ಕ್ಯಾಲಿಬರ್ ಮುಚ್ಚಿ ತೆರೆಯಿರಿ. ಈಗಾಗಲೇ ಸೇರಿಸಿದ ಪುಸ್ತಕಗಳಿಗೆ ‘ಮ್ಯಾನೇಜ್ ಆಥರ್ಸ್’ನಲ್ಲಿ ಮರುಲೆಕ್ಕ ಮಾಡಿಸಲೇಬೇಕು. ಇನಿಷಿಯಲ್ ಇರುವವರನ್ನು ಮಾತ್ರ ಕೈಯಿಂದ ತಿದ್ದಿ: ‘ಗೋವಿಂದ ಪೈ, ಎಂ.’ ಹೀಗೆ. ಇಲ್ಲವಾದರೆ ಮಂಜೇಶ್ವರದ ಕವಿ ‘ಎ’ಕಾರದಲ್ಲಿ ಕೂರುತ್ತಾರೆ. ಟೆಂಪ್ಲೇಟಿನಲ್ಲೂ ಆಥರ್ಸ್ ಬದಲು ಆಥರ್ ಸಾರ್ಟ್ ಇರಲಿ.

ಪೆನ್‌ಡ್ರೈವಿನಲ್ಲಿರುವ ಫೈಲು ಆಂಡ್ರಾಯ್ಡ್ ಮೊಬೈಲಿಗೆ ನಕಲಾಗದಿದ್ದರೆ ಹೆಸರಿನ ಉದ್ದ ನೋಡಿ. ಅಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ, ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ನಾಲ್ಕು ಸಂಕೇತಗಳಿರುವ ‘ಕ್ಷೀ’ ಒಂದಕ್ಕೇ 12 ಬೈಟ್ ಬೇಕು. ಲೇಖಕರ ಹೆಸರು ಫೋಲ್ಡರಿನಲ್ಲಿ ಇದ್ದೇ ಇದೆ, ಫೈಲಿನ ಹೆಸರಿನಲ್ಲೂ ಇದ್ದರೆ ಅಲ್ಲಿಂದ ಅದನ್ನು ತೆಗೆದರೆ ಸಾಕಷ್ಟು ಜಾಗ ಉಳಿಯುತ್ತದೆ.